ಅಪ್ಪನ ಡಯಾಲಿಸಿಸ್, ಹತ್ತು ಗಂಟೆಯ ಆಫೀಸು: ಟೈಮಿಂಗ್ ಬದಲಿಸಿ ಅಂತ ಮಾಲಕರನ್ನು ಕೇಳುವುದು ಹೇಗೆ?

ಪ್ರಶ್ನೆ: ನಾನು ಕಲಬುರಗಿಯ ಔಷಧ ಹೋಲ್‌ಸೇಲ್ ವ್ಯಾಪಾರಿಯೊಬ್ಬರ ಹತ್ತಿರ ಆರು ವರ್ಷದಿಂದ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೇನೆ. ಮುಂಜಾನೆ 10ರಿಂದ ಸಂಜೆ 7, ವಾರಕ್ಕೆ ಆರು ದಿನ, ನಡುವೆ ಒಂದು ತಾಸು ಊಟದ ಬಿಡುವು. ಹೋದ ತಿಂಗಳಿಂದ ಅಪ್ಪನಿಗೆ ಡಯಾಲಿಸಿಸ್ ಶುರುವಾಗಿದೆ. ಮಂಗಳವಾರ, ಗುರುವಾರ, ಶನಿವಾರ ಮುಂಜಾನೆ. ಕರೆದುಕೊಂಡು ಹೋಗಿ ಬರಲು ನಾನೇ ಬೇಕು, ತಮ್ಮ ಪುಣೆಯಲ್ಲಿದ್ದಾನೆ. ಇಷ್ಟು ದಿನ ರಜೆ, ಅರ್ಧ ದಿನ, ತಡ ಅಂತ ಹೇಗೋ ದೂಡಿದೆ. ಮಾಲಕರು ಒಳ್ಳೆಯವರೇ, ಆದರೆ ಈಗೀಗ ಮುಖ ಬಿಗಿ ಮಾಡುತ್ತಿದ್ದಾರೆ. ಆ ಮೂರು ದಿನ ತಡವಾಗಿ ಬಂದು ತಡವಾಗಿ ಹೋಗುತ್ತೇನೆ ಅಂತ ಕೇಳಬೇಕು. ‘ನಿಮಗೊಬ್ಬರಿಗೆ ಕೊಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ’ ಅಂದರೆ ಏನು ಹೇಳಲಿ? ಹೀಗೆ ಕೇಳುವುದು ನೌಕರರ ಹಕ್ಕು ಅಂತ ಇಂಟರ್‌ನೆಟ್‌ನಲ್ಲಿ ಓದಿದೆ. ಅರ್ಜಿಯಲ್ಲಿ ಆ ಕಾನೂನು ಬರೆಯಲಾ?
— ಓದುಗ ಮಹಿಳೆ, ಕಲಬುರಗಿ

ಉತ್ತರ: ಕಾನೂನಿನಿಂದಲೇ ಶುರು ಮಾಡೋಣ. ಯಾಕೆಂದರೆ ಅರ್ಜಿಯಲ್ಲಿ ಅದನ್ನು ಬರೆದರೆ ಆಗುವ ಕೆಲಸವೂ ಕೆಡುತ್ತದೆ.

ನೀವು ಓದಿದ್ದು ಬ್ರಿಟನ್ನಿನ ಕಾನೂನು ಇರಬೇಕು. ಅಲ್ಲಿ 2024ರ ಏಪ್ರಿಲ್ 6ರಿಂದ, ಕೆಲಸಕ್ಕೆ ಸೇರಿದ ಮೊದಲ ದಿನವೇ ‘ನನ್ನ ಸಮಯ ಬದಲಿಸಿ’ ಅಂತ ಕೇಳುವ ಹಕ್ಕು ನೌಕರರಿಗಿದೆ. ಮಾಲಕರು ಎರಡು ತಿಂಗಳೊಳಗೆ ಉತ್ತರ ಹೇಳಬೇಕು. ಅಲ್ಲೂ ಅದು ಕೇಳುವ ಹಕ್ಕು ಅಷ್ಟೇ, ಕೊಡಲೇಬೇಕು ಅಂತೇನಿಲ್ಲ. ನಮ್ಮಲ್ಲಿ ಖಾಸಗಿ ನೌಕರರಿಗೆ ಅಷ್ಟೂ ಇಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲೂ ನೀವು ಬೆರಳಿಟ್ಟು ತೋರಿಸುವಂಥ ಸಾಲು ಇಲ್ಲ. ಲಂಡನ್ನಿನ ಕಾನೂನನ್ನು ಕಲಬುರಗಿಯ ಅಂಗಡಿಗೆ ತಂದು ಟೇಬಲ್ ಮೇಲಿಟ್ಟರೆ ಮಾಲಕರು ಮೊದಲು ಫೋನ್ ಮಾಡುವುದು ವಕೀಲರಿಗೆ. ನಿಮಗೆ ಅದು ಬೇಡ, ಅಲ್ವಾ?

ಇದನ್ನು ಓದುವ ಬೇರೆಯವರಿಗೆ ಎರಡು ಮಾತು. ಬಾಣಂತನದ ರಜೆ ಈಗ 26 ವಾರ. ಅದು ಮುಗಿದ ಮೇಲೆ ಕೆಲಸ ಮನೆಯಿಂದ ಮಾಡುವಂಥದ್ದಾಗಿದ್ದರೆ ಇಬ್ಬರೂ ಒಪ್ಪಿಕೊಂಡು ಹಾಗೆ ಮಾಡಬಹುದು ಅಂತ ಕಾನೂನಿನಲ್ಲಿ ಬರೆದಿದೆ. ಅಂಗವೈಕಲ್ಯ ಇರುವವರಿಗೆ ಬೇಕಾದ ಅನುಕೂಲ ಮಾಡಿಕೊಡುವ ಬಗ್ಗೆ 2016ರ ಕಾನೂನು ಹೇಳುತ್ತದೆ. ವಯಸ್ಸಾದ ಅಪ್ಪ ಅಮ್ಮನನ್ನು ನೋಡಿಕೊಳ್ಳುವವರ ಬಗ್ಗೆ ಮಾತ್ರ ಕಾನೂನು ಬಾಯಿ ಬಿಡುವುದಿಲ್ಲ. ನನಗೆ ಇದು ದೊಡ್ಡ ಕೊರತೆ ಅನ್ನಿಸುತ್ತದೆ, ಆದರೆ ಅದು ಬೇರೆ ಮಾತು.

ನಿಮಗೆ ಕೆಲಸಕ್ಕೆ ಬರುವುದು ನಮ್ಮದೇ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರದ್ದು. ಬೆದರಿಸುವುದಕ್ಕಲ್ಲ, ಲೆಕ್ಕ ಹಾಕುವುದಕ್ಕೆ. ಅದರ ಪ್ರಕಾರ ದಿನಕ್ಕೆ 9 ತಾಸು, ವಾರಕ್ಕೆ 48 ತಾಸು ಮಿತಿ. 5 ತಾಸಿಗಿಂತ ಜಾಸ್ತಿ ಒಂದೇ ಸಮನೆ ದುಡಿಸುವ ಹಾಗಿಲ್ಲ, ನಡುವೆ ಒಂದು ತಾಸು ಬಿಡುವು ಕೊಡಬೇಕು. ನಿಮ್ಮ ಈಗಿನ ಕೆಲಸ ದಿನಕ್ಕೆ 8 ತಾಸು, ಆರು ದಿನಕ್ಕೆ ಸರಿಯಾಗಿ 48. ಈಗ ಇದನ್ನೇ ಬೇರೆ ಥರ ಹಂಚಿ ನೋಡಿ. ಸೋಮವಾರ, ಬುಧವಾರ, ಶುಕ್ರವಾರ 9ರಿಂದ 7, ಊಟದ ತಾಸು ಕಳೆದರೆ ದಿನಕ್ಕೆ 9. ಮಂಗಳವಾರ, ಗುರುವಾರ, ಶನಿವಾರ ಮಧ್ಯಾಹ್ನ 12ರಿಂದ ರಾತ್ರಿ 8, ಬಿಡುವು ಕಳೆದರೆ 7. ಮೂರು ಒಂಬತ್ಲೆ 27, ಮೂರು ಏಳ್ಲೆ 21. ಕೂಡಿಸಿದರೆ 48. ಒಂದು ತಾಸೂ ಕಡಿಮೆ ಇಲ್ಲ, ಕಾನೂನಿನ ಗೆರೆಯೂ ದಾಟಿಲ್ಲ. 9ಕ್ಕೆ ಅಂಗಡಿ ಬಾಗಿಲು ತೆಗೆದಿರುವುದಿಲ್ಲ ಅಂದರೆ ಆ ಮೂರು ದಿನ 10ರಿಂದ 8 ಮಾಡಿಕೊಳ್ಳಿ. ರಾತ್ರಿ 8 ಮಾತ್ರ ದಾಟಿಸಬೇಡಿ. ಆಮೇಲೆ ಹೆಣ್ಣುಮಕ್ಕಳಿಂದ ಕೆಲಸ ಮಾಡಿಸಲು ಮಾಲಕರಿಗೆ ಬೇರೆ ಷರತ್ತುಗಳಿವೆ.

ರಜೆಯಿಂದ ಇದನ್ನು ದೂಡುತ್ತೇನೆ ಅನ್ನುವ ಆಸೆ ಬಿಟ್ಟುಬಿಡಿ. ವಾರಕ್ಕೆ ಮೂರು ಸಲ ಅಂದರೆ ವರ್ಷಕ್ಕೆ 156 ದಿನ. ಅದೇ ಕಾಯ್ದೆಯಲ್ಲಿ ಕಾಯಿಲೆಗೋ ಬೇರೆ ತಕ್ಕ ಕಾರಣಕ್ಕೋ ವರ್ಷಕ್ಕೆ 12 ದಿನ, ಅದರ ಜೊತೆ ದುಡಿದ ಪ್ರತಿ 20 ದಿನಕ್ಕೆ ಒಂದು ದಿನ ಸಂಬಳದ ರಜೆ ಇದೆ. ಎಲ್ಲ ಸೇರಿದರೂ 30 ಮುಟ್ಟುವುದಿಲ್ಲ. ಆ ರಜೆಯನ್ನು ಉಳಿಸಿಕೊಳ್ಳಿ. ಡಯಾಲಿಸಿಸ್ ರೋಗಿಯ ಮನೆಯಲ್ಲಿ ಒಮ್ಮೆಯಾದರೂ ಏಕಾಏಕಿ ಅಡ್ಮಿಟ್ ಮಾಡುವ ಪ್ರಸಂಗ ಬರುತ್ತದೆ. ಆಗ ಬೇಕು.

ಮಾಲಕರ ಹತ್ತಿರ ಹೋಗುವ ಮೊದಲು ಆಸ್ಪತ್ರೆಯಲ್ಲಿ ಒಂದು ಮಾತು ಕೇಳಿ. ಇದನ್ನು ತುಂಬ ಜನ ಮರೆಯುತ್ತಾರೆ. ಆಫೀಸಿನ ಟೈಮಿಂಗ್ ಮಾತ್ರ ಬದಲಾಗಬಹುದು, ಆಸ್ಪತ್ರೆಯದ್ದು ಕಲ್ಲಿನ ಮೇಲೆ ಬರೆದಿದ್ದು ಅಂದುಕೊಳ್ಳುತ್ತಾರೆ. ಡಯಾಲಿಸಿಸ್ ಕೇಂದ್ರಗಳು ಬ್ಯಾಚ್ ಮಾಡಿ ನಡೆಸುತ್ತವೆ. ಒಂದು ಸಲಕ್ಕೆ ಸುಮಾರು 4 ತಾಸು. ನಸುಕಿನ ಮೊದಲ ಬ್ಯಾಚ್ ಸಿಕ್ಕರೆ 10, 10.30ಕ್ಕೆ ಮುಗಿದು, ಅಪ್ಪನನ್ನು ಮನೆಗೆ ಬಿಟ್ಟು, ಒಂದು ತುತ್ತು ಉಣಿಸಿ ನೀವು 12ಕ್ಕೆ ಕುರ್ಚಿಯಲ್ಲಿರಬಹುದು. ಎರಡನೇ ಬ್ಯಾಚ್ ಆದರೆ ಮಧ್ಯಾಹ್ನ 2 ದಾಟುತ್ತದೆ, ಆಗ ಮೇಲಿನ ಲೆಕ್ಕವೇ ನಿಲ್ಲುವುದಿಲ್ಲ. ಮೊದಲ ಬ್ಯಾಚ್ ಈಗ ಖಾಲಿ ಇಲ್ಲ ಅಂದರೆ ಹೆಸರು ಬರೆಸಿ ಬನ್ನಿ. ಅಂದಹಾಗೆ, ನಿಮ್ಮ ಸಂಬಳ 21,000 ರೂಪಾಯಿ ಒಳಗಿದ್ದು ನೌಕರರ ರಾಜ್ಯ ವಿಮೆ (ಇಎಸ್‌ಐ) ಕಟ್ಟುತ್ತಿದ್ದರೆ, ನಿಮ್ಮನ್ನು ಅವಲಂಬಿಸಿದ ತಂದೆ ತಾಯಿಗೂ ಅದರಲ್ಲಿ ಚಿಕಿತ್ಸೆಯ ಸೌಲಭ್ಯ ಇದೆ. ಕಾರ್ಡಿನಲ್ಲಿ ಅಪ್ಪನ ಹೆಸರು ಇದೆಯೇ ನೋಡಿ. ಸೇಡಂ ರಸ್ತೆಯ ಇಎಸ್‌ಐ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ಸಿಗೆ ಏನು ಷರತ್ತು ಅಂತ ವಿಚಾರಿಸಿ.

ಈಗ ಮಾಲಕರ ಬಿಗಿದ ಮುಖಕ್ಕೆ ಬರೋಣ. ಹತ್ತಿಪ್ಪತ್ತು ವರ್ಷ ಎಚ್‌ಆರ್ ಕೆಲಸ ಮಾಡಿ, ಟೇಬಲ್ಲಿನ ಎರಡೂ ಕಡೆ ಕೂತು ನೋಡಿದವಳಾಗಿ ಹೇಳುತ್ತೇನೆ. ನೀವು ತಡವಾಗಿ ಬಂದಿದ್ದಕ್ಕೆ ಅವರಿಗೆ ಸಿಟ್ಟಿಲ್ಲ. ನೀವು ಎಷ್ಟಕ್ಕೆ ಬರುತ್ತೀರಿ ಅಂತ ಗೊತ್ತಿಲ್ಲದ್ದಕ್ಕೆ ಸಿಟ್ಟು. ಮಂಗಳವಾರ 11ಕ್ಕೆ ಬಂದಿರಿ, ಗುರುವಾರ ಬರಲೇ ಇಲ್ಲ, ಶನಿವಾರ 1 ಗಂಟೆಗೆ ಬಂದಿರಿ. ಯಾವುದೋ ಮೆಡಿಕಲ್ ಶಾಪಿನವರು ಫೋನ್ ಮಾಡಿ ‘ನಮ್ಮ ಬಾಕಿ ಎಷ್ಟು’ ಅಂತ ಕೇಳಿದರೆ ಅವರು ಏನು ಹೇಳಬೇಕು? ಅವರಿಗೆ ‘ಈ ಹೆಣ್ಣುಮಗಳು ಮಂಗಳವಾರ 12ಕ್ಕೆ ಬರುತ್ತಾಳೆ’ ಅನ್ನುವ ಖಾತ್ರಿ ಸಾಕು. ಹಾಗಾಗಿ ನೀವು ರಿಯಾಯಿತಿ ಕೇಳಲು ಹೋಗುತ್ತಿದ್ದೀರಿ ಅಂದುಕೊಳ್ಳಬೇಡಿ. ಹೋದ ತಿಂಗಳು ಅವರು ಕಳೆದುಕೊಂಡ ಖಾತ್ರಿಯನ್ನು ವಾಪಸ್ ಕೊಡಲು ಹೋಗುತ್ತಿದ್ದೀರಿ.

ಇದು ನಾನು ಪೆಟ್ಟು ತಿಂದು ಕಲಿತ ಪಾಠ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಮಗಳು ಚಿಕ್ಕವಳು, ನೋಡಿಕೊಳ್ಳುವವರಿಲ್ಲ. ಸಾಹೇಬರ ಮುಂದೆ ನಿಂತು ಕಣ್ಣೀರು ಹಾಕಿದೆ. ‘ಆಯ್ತಮ್ಮ, ನೋಡೂಣ’ ಅಂದರು. ಆ ‘ನೋಡೂಣ’ ಎಂಟು ತಿಂಗಳು ನಡೆಯಿತು. ಅವರು ಕೆಟ್ಟವರೇನಲ್ಲ. ನನ್ನ ಕಷ್ಟ ಪೂರ್ತಿ ಹೇಳಿದೆ, ಆದರೆ ಅದಕ್ಕೆ ಏನು ಮಾಡಬೇಕು ಅನ್ನುವುದನ್ನು ಅವರ ತಲೆಗೇ ಬಿಟ್ಟು ಬಂದಿದ್ದೆ. ಅವರ ತಲೆಯಲ್ಲಿ ಆಗಲೇ ಹತ್ತು ಕೆಲಸ ಇದ್ದವು.

ಆದ್ದರಿಂದ ಒಂದು ಹಾಳೆ ತೆಗೆದುಕೊಳ್ಳಿ. ಅಂಗಡಿಯಲ್ಲಿ ಯಾವ ಹೊತ್ತಿಗೆ ಯಾವ ಕೆಲಸಕ್ಕೆ ನೀವೇ ಬೇಕು ಅಂತ ಬರೆಯಿರಿ. ನನಗೆ ಗೊತ್ತಿರುವ ಹೋಲ್‌ಸೇಲ್ ಅಂಗಡಿಗಳಲ್ಲಿ ಮುಂಜಾನೆ ಹೊತ್ತು ಟ್ರಾನ್ಸ್‌ಪೋರ್ಟ್‌ನಿಂದ ಪಾರ್ಸೆಲ್ ಇಳಿಯುತ್ತದೆ, ಸ್ಟಾಕ್ ಎಣಿಸುತ್ತಾರೆ. ಆ ಗದ್ದಲ ಗೋದಾಮಿನ ಹುಡುಗರದ್ದು. ಮಧ್ಯಾಹ್ನದಿಂದ ಆರ್ಡರು, ಬಿಲ್ಲು. ಸಂಜೆ ಸೇಲ್ಸ್‌ಮನ್ನರು ಆಳಂದ, ಜೇವರ್ಗಿ, ಚಿತ್ತಾಪುರ ಕಡೆ ತಿರುಗಿ ಕಲೆಕ್ಷನ್ ತರುತ್ತಾರೆ. ಚೆಕ್ಕು, ನಗದು, ಯುಪಿಐ ಎಲ್ಲ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಗೆ ಏರಿಸಿ ನಗದು ಪೆಟ್ಟಿಗೆಗೆ ಹೊಂದಿಸುವುದು ಅಕೌಂಟ್ಸಿನವರ ಕೆಲಸ. ಈಗ ನೀವು 7ಕ್ಕೆ ಹೊರಡುತ್ತೀರಿ. 7.20ಕ್ಕೆ ಬಂದ ಸೇಲ್ಸ್‌ಮನ್ನಿನ ದುಡ್ಡು ಯಾರು ಎಣಿಸುತ್ತಾರೆ? ನಿಮ್ಮ ಅಂಗಡಿಯಲ್ಲೂ ಹೀಗೇ ಇದ್ದರೆ, ವಾರಕ್ಕೆ ಮೂರು ದಿನ ನೀವು 8ರ ತನಕ ಇರುವುದು ಅವರಿಗೆ ಲಾಭದ ಮಾತು. ಹಾಗಿಲ್ಲ ಅಂದರೆ ನನ್ನ ಪಟ್ಟಿ ಬಿಡಿ, ನಿಮ್ಮದೇ ಬರೆಯಿರಿ. ಕಳೆದ ಎರಡು ವಾರದ ಫೋನ್ ಕರೆಗಳನ್ನು ನೋಡಿದರೆ ಮುಂಜಾನೆ 10ರಿಂದ 12ರೊಳಗೆ ನಿಮ್ಮನ್ನು ಯಾರು, ಯಾತಕ್ಕೆ ಹುಡುಕಿದರು ಗೊತ್ತಾಗುತ್ತದೆ. ಅದಕ್ಕೊಂದು ದಾರಿ ಬರೆಯಿರಿ. ಬಾಕಿಯ ಪಟ್ಟಿಯನ್ನು ಹಿಂದಿನ ರಾತ್ರಿಯೇ ಪ್ರಿಂಟ್ ತೆಗೆದು ಕೌಂಟರಿನಲ್ಲಿ ಇಡುತ್ತೇನೆ ಅಂದರೂ ಅರ್ಧ ಕರೆಗಳು ನಿಲ್ಲುತ್ತವೆ.

ಅದೇ ಹಾಳೆಯ ಕೆಳಗೆ ತಿಂಗಳ ಗಡುವುಗಳನ್ನು ಬರೆಯಿರಿ. 7ಕ್ಕೆ ಹಿಡಿದ ತೆರಿಗೆ (ಟಿಡಿಎಸ್) ಕಟ್ಟುವುದು, 11ಕ್ಕೆ ಜಿಎಸ್‌ಟಿಯ ಮಾರಾಟದ ವಿವರ (ಜಿಎಸ್‌ಟಿಆರ್-1), 20ಕ್ಕೆ ಜಿಎಸ್‌ಟಿಯ ತಿಂಗಳ ರಿಟರ್ನ್ (3ಬಿ). ನಿಮಗೆ ಇದು ಬಾಯಿಪಾಠ. ಆದರೆ ಮಾಲಕರ ಮನಸ್ಸಿನಲ್ಲಿ ಮೊದಲು ಏಳುವ ಭಯವೇ ಇದು: ‘ಜಿಎಸ್‌ಟಿ ದಿನ ಇವಳು ಆಸ್ಪತ್ರೆಯಲ್ಲಿ ಕೂತರೆ?’ ‘ಈ ತಾರೀಖುಗಳು ಮಂಗಳವಾರ, ಗುರುವಾರ, ಶನಿವಾರ ಬಿದ್ದರೆ ಹಿಂದಿನ ದಿನ ಸಂಜೆಯೊಳಗೆ ಮುಗಿಸಿರುತ್ತೇನೆ’ ಅಂತ ಅವರು ಕೇಳುವ ಮೊದಲೇ ಬರೆದಿಡಿ. ಈ ಒಂದು ಸಾಲು ನಿಮ್ಮ ಕಷ್ಟದ ಹತ್ತು ಸಾಲುಗಳಿಗೆ ಸಮ.

ಮೊದಲಿಗೇ ಅರ್ಜಿ ಕೊಡಬೇಡಿ. ದೊಡ್ಡ ಕಂಪನಿಯಲ್ಲಿ ಇಮೇಲ್ ಸರಿ. ನಮ್ಮ ಕಡೆ ಆರು ವರ್ಷ ಮುಖ ನೋಡಿ ದುಡಿದ ಜಾಗದಲ್ಲಿ ಏಕದಂ ಕಾಗದ ಕೊಟ್ಟರೆ ನೋಟಿಸ್ ಕೊಟ್ಟ ಹಾಗೆ. ಮೊದಲು ಮಾತು, ಆಮೇಲೆ ಬರಹ. ಯಾವಾಗ ಮಾತಾಡಬೇಕು ಅಂದರೆ, 20 ದಾಟಿದ ಮೇಲೆ, ತಿಂಗಳ ಕೊನೆ ಬರುವ ಮೊದಲು, ಮಧ್ಯಾಹ್ನ ಊಟ ಆದ ಮೇಲೆ. ರಾತ್ರಿ ನಗದು ಎಣಿಸುವಾಗ ಬೇಡವೇ ಬೇಡ. ಮಾರ್ಚ್ ಆಗಿದ್ದರೆ ಇನ್ನೂ ಹುಷಾರು. ವರ್ಷದ ಲೆಕ್ಕ ಒಂದು ಕಡೆ, ಶರಣಬಸವೇಶ್ವರ ಜಾತ್ರೆ ಇನ್ನೊಂದು ಕಡೆ, ಅರ್ಧ ಜನ ರಜೆ ಕೇಳಿರುತ್ತಾರೆ. ಮಾಲಕರು ಅಮಾವಾಸ್ಯೆ ಪೂಜೆ ಮಾಡುವವರಾದರೆ ಆ ದಿನ ಹೊಸ ಮಾತು ತೆಗೆಯಬೇಡಿ. ನನಗೆ ನಂಬಿಕೆ ಇದೆಯೋ ಇಲ್ಲವೋ ಬೇರೆ, ಅವರಿಗೆ ಇರುತ್ತದೆ.

ಮಾತು ಹೀಗೆ ಶುರು ಮಾಡಬಹುದು: ‘ಸರ್, ಹೋದ ತಿಂಗಳ ನಾ ಎಷ್ಟಕ್ಕ ಬರ್ತೀನಂತ ನಿಮಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅದನ್ನ ಸರಿ ಮಾಡೂಣಂತ ಬಂದೀನ್ರಿ.’ ಆಮೇಲೆ ಅಪ್ಪನ ವಿಷಯ ಎರಡೇ ಸಾಲು. ಮುಚ್ಚಿಡಬೇಡಿ, ಎಳೆಯಲೂ ಬೇಡಿ. ನಂತರ ಹಾಳೆ ಮುಂದಿಡಿ. ಎರಡು ತಿಂಗಳು ಹೀಗೆ ಮಾಡಿ ನೋಡೋಣ ಅನ್ನಿ. ಒಂದೇ ವಾರ ಅಂದರೆ ಸಾಲದು. ಎರಡು ಸಲ ಜಿಎಸ್‌ಟಿ ಗಡುವು ನಿಮ್ಮ ಹೊಸ ಟೈಮಿಂಗಿನಲ್ಲಿ ದಾಟಿದ್ದನ್ನು ಅವರು ಕಣ್ಣಾರೆ ನೋಡಬೇಕು.

ಅವರು ‘ನೋಡೂಣ್ರಿ’ ಅಂದರೆ ಎದ್ದು ಬರಬೇಡಿ. ‘ಆಯ್ತ್ರಿ ಸರ್, ಹಂಗಾದ್ರ ಸೋಮವಾರ ಮಧ್ಯಾಹ್ನ ಕೇಳ್ಲ್ಯಾ?’ ಅನ್ನಿ. ದಿನ ಗೊತ್ತಾಗದ ‘ನೋಡೂಣ’ ಇಲ್ಲ ಅಂದ ಹಾಗೇ.

‘ಎಲ್ಲರೂ ಕೇಳುತ್ತಾರೆ’ ಅನ್ನುವ ಮಾತು ಬಂದೇ ಬರುತ್ತದೆ. ಅದಕ್ಕೆ ‘ನನ್ನ ಕಷ್ಟವೇ ಬೇರೆ’ ಅನ್ನಬೇಡಿ. ಕೌಂಟರಿನ ಹುಡುಗನ ಮನೆಯಲ್ಲೂ ಕಷ್ಟ ಇರುತ್ತದೆ. ಬದಲಿಗೆ ಮಾಲಕರಿಗೆ ಎಲ್ಲರ ಮುಂದೆ ಹೇಳಲು ಬರುವಂಥ ನಿಯಮ ಕೊಡಿ: ಮನೆಯವರ ದೀರ್ಘ ಚಿಕಿತ್ಸೆ ಇದ್ದರೆ, ಆಸ್ಪತ್ರೆಯ ಚೀಟಿ ತೋರಿಸಿ, ವಾರದ ಒಟ್ಟು ತಾಸು ಕಡಿಮೆ ಮಾಡದೆ, ಮೊದಲು ಎರಡು ತಿಂಗಳ ಮಟ್ಟಿಗೆ. ಆಗ ಕೇಳುವವರಿಗೆ ಅವರು ಉತ್ತರ ಹೇಳಬಹುದು, ನೀವು ಲಾಡ್ಲಿ ಅನ್ನಿಸಿಕೊಳ್ಳುವುದೂ ತಪ್ಪುತ್ತದೆ. ಮತ್ತೆ, ನಮ್ಮೂರಿನಲ್ಲಿ ಟೈಮಿಂಗ್ ಬದಲಿಸುವುದು ಹೊಸ ಮಾತೇನಲ್ಲ. ಪ್ರತಿ ವರ್ಷ ಏಪ್ರಿಲ್, ಮೇ ಬಂತೆಂದರೆ ಬಿಸಿಲಿಗೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಮುಂಜಾನೆ 8ರಿಂದ ಮಧ್ಯಾಹ್ನ 1.30ಕ್ಕೆ ತಿರುಗುತ್ತವೆ. ಬೆಂಗಳೂರಿನಲ್ಲಿ ಹಾಗಿಲ್ಲ. ಇಲ್ಲಿನ ಬಿಸಿಲು ನೋಡಿ ಸರ್ಕಾರವೇ ಗಡಿಯಾರ ಸರಿಸುತ್ತದೆ. ಮಾಲಕರಿಗೆ ಇದನ್ನು ನಗುತ್ತಾ ನೆನಪಿಸಬಹುದು, ವಾದ ಮಾಡುವ ಧಾಟಿಯಲ್ಲಲ್ಲ.

ಕೊಡಬಾರದ ಮಾತುಗಳೂ ಇವೆ. ನಾಚಿಕೆಗೋ ಋಣಕ್ಕೋ ‘ಸಂಬಳ ಸ್ವಲ್ಪ ಕಡಿಮೆ ಮಾಡಿ ಸರ್’ ಅಂತ ನೀವಾಗಿ ಅನ್ನಬೇಡಿ. ತಾಸು ಕಡಿಮೆ ಆಗಿಲ್ಲ, ಸಂಬಳ ಯಾಕೆ ಕಡಿಮೆ ಆಗಬೇಕು? ‘ಭಾನುವಾರವೂ ಬಂದು ಪುಕ್ಕಟೆ ಮಾಡಿಕೊಡುತ್ತೇನೆ’ ಅಂತಲೂ ಬೇಡ. ಮಿತಿ ಮೀರಿದ ತಾಸಿಗೆ ಎರಡು ಪಟ್ಟು ಕೂಲಿ ಅಂತ ಕಾಯ್ದೆ ಹೇಳುತ್ತದೆ. ಅದನ್ನು ನೀವು ಕೇಳದೇ ಇರಬಹುದು, ಆದರೆ ವಾರದ ಒಂದೇ ರಜೆಯನ್ನೂ ಬಿಟ್ಟರೆ ಮೂರು ತಿಂಗಳಲ್ಲಿ ನೀವೇ ಹಾಸಿಗೆ ಹಿಡಿಯುತ್ತೀರಿ.

ಎಲ್ಲಕ್ಕಿಂತ ದೊಡ್ಡ ತಪ್ಪು, ‘ಡಯಾಲಿಸಿಸ್ ನಡೆಯುವಾಗ ಲ್ಯಾಪ್‌ಟಾಪ್ ಹಿಡಿದು ಕೂರುತ್ತೇನೆ’ ಅನ್ನುವುದು. ಕೇಳಲು ಚೆಂದ. ಆದರೆ ನಡುವೆ ಬಿಪಿ ಇಳಿಯುತ್ತದೆ, ಕಾಲು ಹಿಡಿದುಕೊಳ್ಳುತ್ತದೆ, ನರ್ಸ್ ಕರೆಯುತ್ತಾರೆ. ಒಂದು ಸೊನ್ನೆ ತಪ್ಪಿ ಬಿತ್ತು ಅಂದರೆ ಎರಡು ತಿಂಗಳ ಪ್ರಯೋಗ ಅಲ್ಲಿಗೇ ಮುಗಿಯಿತು. ಲೆಕ್ಕದ ಪುಸ್ತಕ ಅಂಗಡಿ ಬಿಟ್ಟು ಹೋಗುವುದು ಎಷ್ಟೋ ವ್ಯಾಪಾರಸ್ಥರಿಗೆ ಹಿಡಿಸುವುದೂ ಇಲ್ಲ. ‘ಅರ್ಜೆಂಟ್ ಇದ್ದರೆ 10 ಗಂಟೆ ನಂತರ ಒಂದು ಫೋನ್ ಮಾಡಿ’ ಅಂದರೆ ಸಾಕು.

ಒಪ್ಪಿದರು ಅಂದುಕೊಳ್ಳಿ. ಅವತ್ತೇ ಸಂಜೆ ವಾಟ್ಸ್ಯಾಪ್‌ನಲ್ಲಿ ಹೀಗೆ ಬರೆಯಿರಿ: ‘ಸರ್, ಇವತ್ತು ಮಾತಾಡಿದಂತೆ 1ನೇ ತಾರೀಖಿನಿಂದ ಎರಡು ತಿಂಗಳು ಮಂಗಳ, ಗುರು, ಶನಿವಾರ 12ರಿಂದ 8, ಸೋಮ, ಬುಧ, ಶುಕ್ರವಾರ 9ರಿಂದ 7 ಬರುತ್ತೇನೆ. ಸಂಬಳ, ರಜೆ ಮೊದಲಿನಂತೆ. ಎರಡು ತಿಂಗಳಾದ ಮೇಲೆ ಕೂತು ನೋಡೋಣ. ಧನ್ಯವಾದಗಳು ಸರ್.’ ಅವರು ಒಂದು ಹೆಬ್ಬೆರಳು ಒತ್ತಿದರೂ ಅದು ದಾಖಲೆ. ನಾಳೆ ಅವರ ಮಗ ಅಂಗಡಿಗೆ ಬಂದು ಕೂತು ‘ಇವರ್ಯಾಕೆ 12ಕ್ಕೆ ಬರುತ್ತಾರೆ’ ಅಂತ ಕೇಳಿದರೆ ತೋರಿಸಲು ಬೇಕು. ಗೋದಾಮಿನವರಿಗೂ ಕೌಂಟರಿನವರಿಗೂ ನೀವೇ ಹೇಳಿ. ಬೇರೆಯವರ ಬಾಯಿಂದ ಗೊತ್ತಾದರೆ ಕಥೆ ಬೇರೆ ಆಗಿರುತ್ತದೆ.

ಒಪ್ಪಲಿಲ್ಲ ಅಂದರೆ ಯಾವ ಕೆಲಸಕ್ಕೆ ತೊಂದರೆ ಅಂತ ಒಂದೇ ಪ್ರಶ್ನೆ ಕೇಳಿ. ಉತ್ತರದಲ್ಲಿ ಅರ್ಧ ದಾರಿ ಇರುತ್ತದೆ. ಶನಿವಾರ ಮಾತ್ರ ಆಗದು ಅಂದರೆ ಆ ಒಂದು ದಿನ ಅಪ್ಪನ ಜೊತೆ ಹೋಗಲು ನೆಂಟರನ್ನೋ ಪಕ್ಕದ ಮನೆಯವರನ್ನೋ ಕೇಳಬಹುದು. ತಮ್ಮನಿಗೂ ಪುಣೆಯಿಂದ ತಿಂಗಳಿಗೆ ಒಂದೆರಡು ಶನಿವಾರ ರೈಲು ಹತ್ತಲು ಹೇಳಿ. ಸೋಲಾಪುರದ ಮೇಲೆ ಬರುವ ರೈಲುಗಳು ಬೇಕಾದಷ್ಟಿವೆ. ಅವನಿಗೂ ಅಪ್ಪ ಅಲ್ವಾ? ಕೇಳಿದ್ದಕ್ಕೇ ಕೆಲಸ ಹೋಗುತ್ತದೆ ಅಂತ ಹೆದರಬೇಡಿ. ಆರು ತಿಂಗಳು ದಾಟಿದವರನ್ನು ತಕ್ಕ ಕಾರಣ ಇಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡದೆ ತೆಗೆಯುವ ಹಾಗಿಲ್ಲ ಅಂತ ಅದೇ 1961ರ ಕಾಯ್ದೆ ಹೇಳುತ್ತದೆ. ಇದು ನಿಮಗೆ ಗೊತ್ತಿದ್ದರೆ ಸಾಕು, ಅವರಿಗೆ ಓದಿ ಹೇಳಬೇಕಿಲ್ಲ.

ಇನ್ನು ರಾತ್ರಿ 8ಕ್ಕೆ ಮನೆಗೆ ಹೋಗುವುದು. ಶಕ್ತಿ ಬಸ್ಸು ಟಿಕೆಟ್ ಉಳಿಸುತ್ತದೆ, ಹೊತ್ತು ಉಳಿಸುವುದಿಲ್ಲ. ನಿಮ್ಮ ಓಣಿಯ ಕಡೆ 8ರ ಮೇಲೆ ಸಿಟಿ ಬಸ್ಸು, ಶೇರ್ ಆಟೋ ಸಿಗುತ್ತವೆಯೇ ಅಂತ ಮಾತಾಡುವ ಮೊದಲೇ ಒಂದು ಸಂಜೆ ನಿಂತು ನೋಡಿ. ಶನಿವಾರ ಕಷ್ಟ ಅನ್ನಿಸಿದರೆ ಆ ದಿನ 7.30ಕ್ಕೇ ಹೊರಡುವಂತೆ ಬರೆದುಕೊಳ್ಳಿ. ಉಳಿದ ಅರ್ಧ ತಾಸನ್ನು ಸೋಮವಾರ ಸೇರಿಸಲು ಬರುವುದಿಲ್ಲ, ಅಲ್ಲಿ ಆಗಲೇ 9 ತುಂಬಿದೆ. ಮಂಗಳವಾರ, ಗುರುವಾರ 12ರ ಬದಲು 11.45ಕ್ಕೆ ಬಂದರೆ 48 ಸರಿಹೋಗುತ್ತದೆ.